ಮೂರನೆಯ ದಿನ ಬರುವ ಡಾಕ್ಟರಮ್ಮ

ನಮ್ಮ ಕಡೆ ಯಾರ ಮನೆಯಲ್ಲಾದರೂ ಎತ್ತೋ ಎಮ್ಮೆಯೋ ನಾಯಿಯೋ ಸತ್ತರೆ, ಮೂರನೆಯ ದಿನ ಆ ಮನೆಯ ಮುಂದೆ ಒಂದು ನೀಲಿ ಸ್ಕೂಟಿ ಬಂದು ನಿಲ್ಲುತ್ತದೆ. ಅದರಿಂದ ಇಳಿಯುವವರು ನಮ್ಮ ಹೋಬಳಿಯ ದನದ ಆಸ್ಪತ್ರೆಯ ದೇವಿಕಾ ಡಾಕ್ಟರಮ್ಮ. ಆವತ್ತು ಅವರ ಕೈಯಲ್ಲಿ ಸೂಜಿ ಇರುವುದಿಲ್ಲ, ಔಷಧಿಯ ಚೀಲವೂ ಇರುವುದಿಲ್ಲ. ಸತ್ತ ಪ್ರಾಣಿಗೆ ಯಾವ ಔಷಧಿ ಕೊಡುತ್ತಾರೆ? ಸೀದಾ ಬಂದು ಕಟ್ಟೆಯ ಮೇಲೆ ಕೂತು, ನೀರು ಕೇಳಿ ಕುಡಿದು, ಒಂದೇ ಮಾತು ಕೇಳುತ್ತಾರೆ.

"ನಿಮ್ಮ ಎಮ್ಮಿ ಏನೇನು ತಂಟಿ ಮಾಡ್ತಿತ್ತು, ಹೇಳ್ರಿ."

ಒಳ್ಳೆಯ ಗುಣ ಕೇಳುವುದಿಲ್ಲ, ತಂಟೆಯನ್ನೇ ಕೇಳುತ್ತಾರೆ. ಮನೆಯವರು ಮೊದಲು ಭಾಳ ಚಲೋ ಇತ್ತು ಎಂದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಡಾಕ್ಟರಮ್ಮ ಬಿಡುವುದಿಲ್ಲ. ಐದು ನಿಮಿಷ ಕಳೆದ ಮೇಲೆ ಯಾರೋ ಒಬ್ಬರು, ಅದು ಒಣಗಲು ಹಾಕಿದ್ದ ಸೀರೆ ತಿಂದದ್ದನ್ನು ಹೇಳುತ್ತಾರೆ. ಇನ್ನೊಬ್ಬರಿಗೆ ಅದು ಬೀಗರನ್ನು ಹಾಯ್ದದ್ದು ನೆನಪಾಗುತ್ತದೆ. ಅರ್ಧ ಗಂಟೆಯಲ್ಲಿ ಅಳುವ ಮನೆ ನಗುತ್ತಿರುತ್ತದೆ, ನಗುತ್ತಾ ಮತ್ತೊಂದು ಸಲ ಅಳುತ್ತಿರುತ್ತದೆ. ಅಷ್ಟು ಹೊತ್ತಿಗೆ ಡಾಕ್ಟರಮ್ಮ ಲೋಟ ಕೆಳಗಿಟ್ಟು ಹೋಗಿರುತ್ತಾರೆ.

ಕಂಪ್ಲಿ ಕಡೆಯ ಮುರುಗೇಶ್ ಕಬ್ಬಿನ ಗಾಡಿ ಹೊಡೆಯುವವನು. ಅವನ ಎತ್ತು ಸತ್ತಾಗಲೂ ಹೀಗೇ ಹೋಗಿ ಕೂತರಂತೆ. ಮುರುಗೇಶ್ ಹೇಳುತ್ತಾ ಹೇಳುತ್ತಾ ಮೈಮರೆತು, "ಬ್ಯಾರೆ ಎಲ್ಲಾ ಚಲೋ ಮೇಡಮ್ರ, ಸಂಜಿಮುಂದ ಬ್ರಾಂದಿ ಅಂಗಡಿ ಮುಂದ ತಾನ ನಿಂತುಬಿಡ್ತಿತ್ತು. ಎಷ್ಟು ಹೊಡದ್ರೂ ಮುಂದಕ್ಕ ಹೋಗ್ತಿದ್ದಿಲ್ಲ" ಎಂದುಬಿಟ್ಟ. ಎತ್ತಿಗೆ ಆ ರೂಢಿ ಮಾಡಿಸಿದವರು ಯಾರು ಎಂಬುದು ಬಾಗಿಲ ಹಿಂದೆ ನಿಂತಿದ್ದ ಅವನ ಹೆಂಡತಿಗೆ ಆಗಲೇ ಗೊತ್ತಾದದ್ದು. ಎತ್ತು ಹೋದ ದುಃಖವನ್ನು ಆ ವಾರ ಪೂರ್ತಿ ಹಸಿದ ಹೊಟ್ಟೆಯಲ್ಲೇ ಮಾಡಿದೆ ಎಂದು ಮುರುಗೇಶನೇ ನನ್ನ ಅಂಗಡಿಯಲ್ಲಿ ಕೂತು ಹೇಳಿಕೊಂಡ.

ನನ್ನ ಅಂಗಡಿ ಇರುವುದು ಕಡ್ಡಿರಾಂಪುರದಲ್ಲಿ, ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯ ಬದಿಗೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ. ನನ್ನ ಹೆಸರು ಗಾದಿಲಿಂಗ. ಮಿರ್ಚಿ ಕರಿಯುವವನು ನಾನು, ಒಗ್ಗರಣೆ ಕಲಸುವವಳು ನನ್ನ ಹೆಂಡತಿ ಎರ್ರೆಮ್ಮ, ಗಿರಾಕಿಗಳ ಜೊತೆ ಜಗಳ ಮಾಡುವವನು ಮತ್ತೆ ನಾನೇ. ಮಿರ್ಚಿ ಖಾರ ಆಯಿತು ಎಂದವರಿಗೆ ಎದುರಿನ ಬಾಳೆಹಣ್ಣಿನ ಅಂಗಡಿ ತೋರಿಸಿ ಕಳಿಸುತ್ತೇನೆ.

ಡಾಕ್ಟರಮ್ಮನನ್ನು ನಾನು ಮೊದಲು ನೋಡಿದ್ದು ಆರು ವರ್ಷದ ಹಿಂದೆ, ಹಂಪಯ್ಯನ ದನದ ಕೊಟ್ಟಿಗೆಯಲ್ಲಿ. ಹಂಪಯ್ಯ ನನ್ನ ಗೆಳೆಯ. ಅಂಗಡಿಯ ಹಿಂದಿರುವ ಬಾಳೆ ತೋಟ ಅವನದು. ಅವನ ಎಮ್ಮೆ ಈಯಲಾಗದೆ ಬೆಳಗಿನಿಂದ ಒದ್ದಾಡುತ್ತಿತ್ತು. ಹೊಸದಾಗಿ ಬಂದ ಡಾಕ್ಟರು ಎಂದು ಸ್ಕೂಟಿಯಿಂದ ಇಳಿದವರನ್ನು ನೋಡಿದರೆ, ಎಮ್ಮೆಯ ಬೆನ್ನಿನಷ್ಟೇ ಎತ್ತರದ ಹುಡುಗಿ. ಇವರು ಎಮ್ಮೆಯನ್ನು ನೋಡುತ್ತಾರೋ, ಎಮ್ಮೆಯೇ ಇವರನ್ನು ನೋಡಿಕೊಳ್ಳಬೇಕೋ ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಅಂದೆ. ಅವರು ತಲೆ ಎತ್ತಲಿಲ್ಲ. ಕೂದಲು ಬಿಗಿದು ಕಟ್ಟಿ, ಭುಜದ ತನಕ ಕೈಗೆ ಎಣ್ಣೆ ಹಚ್ಚಿಕೊಂಡು, ನನ್ನ ಕಡೆ ಒಂದು ಹಗ್ಗ ಚಾಚಿದರು.

"ಅಣ್ಣಾರ, ಬಾಯಿಗಂತೂ ಕೆಲ್ಸ ಸಿಕ್ಕೈತಿ, ಕೈಗೂ ಕೊಡ್ತೀನಿ. ಇದನ್ನ ಹಿಡ್ಕೊಂಡು ನಾ ಹೇಳಿದಾಗ ಜಗ್ರಿ."

ಜಗ್ಗಿದೆ. ಅವರು ಒಳಗೆ ಕೈ ಹಾಕಿ ಕರುವಿನ ಕತ್ತು ತಿರುಗಿಸಿದರೋ ಏನೋ, ಕರು ಸರ್ರನೆ ಜಾರಿ ಹೊರಗೆ ಬಂತು, ನಾನು ಹಗ್ಗದ ಸಮೇತ ಹಿಂದಕ್ಕೆ ಸಗಣಿಯೊಳಗೆ ಬಿದ್ದೆ. ಆಮೇಲೆ ಇಬ್ಬರೂ ಅಂಗಡಿಯ ನಲ್ಲಿಯಲ್ಲಿ ಕೈ ತೊಳೆದುಕೊಂಡೆವು. ಅವರು ನಾಲ್ಕು ಮಿರ್ಚಿ ತಿಂದರು. ಖಾರ ಎನ್ನಲಿಲ್ಲ, ನೀರೂ ಕೇಳಲಿಲ್ಲ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಕರು ಎಳೆದದ್ದಕ್ಕಲ್ಲ, ಈ ಮಿರ್ಚಿಗೆ.

ಅವರು ಸಂಡೂರು ತಾಲೂಕಿನ ಚೋರನೂರಿನವರು. ತಂದೆ ತಾಯಿ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿದು ಇವರನ್ನು ಬೀದರಿನ ತನಕ ಕಳಿಸಿ ದನದ ಡಾಕ್ಟರಿಕೆ ಓದಿಸಿದರು. ಮನೆಯಲ್ಲಿ ಒಂದು ಬುದ್ಧನ ಮೂರ್ತಿ ಇದೆ. ದೃಷ್ಟಿ, ದೆವ್ವ, ಶಕುನ ಯಾವುದನ್ನೂ ನಂಬುವುದಿಲ್ಲ. ಎಮ್ಮೆಗೆ ದೃಷ್ಟಿ ಆಗಿದೆ ಎಂದು ಕರೆದರೆ ಬಂದು, ಜಂತುಹುಳದ ಗುಳಿಗೆ ನುಂಗಿಸಿ ದೃಷ್ಟಿ ತೆಗೆದು ಹೋಗುತ್ತಾರೆ. ಸುಳ್ಳು ಹೇಳುವುದಿಲ್ಲ. ಪ್ರಾಣಿ ಉಳಿಯುವುದಿಲ್ಲ ಎಂದರೆ ಉಳಿಯುವುದಿಲ್ಲ ಎಂದೇ ಹೇಳುತ್ತಾರೆ. ಅದಕ್ಕೇ ಅವರು ಉಳಿಯುತ್ತದೆ ಎಂದರೆ ಜನ ಮನೆಗೆ ಹೋಗಿ ನಿದ್ದೆ ಮಾಡುತ್ತಾರೆ.

ಈ ಮೂರನೆಯ ದಿನದ ತಂಟೆ ಕೇಳುವ ಪದ್ಧತಿ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಚಹಾ ಆರಿಸಿಕೊಳ್ಳುತ್ತಾ ಹೇಳಿದರು. "ಒಂಬತ್ತು ವರ್ಷದಾಕಿ ಇದ್ದಾಗ ನಮ್ಮ ಆಡು ಸತ್ತಿತ್ತಣ್ಣ. ಎಲ್ಲಾರೂ ಆಡ ಅಲ್ಲೇನು, ಬಿಡು ಅಂದ್ರು. ಅದು ನನ್ನ ಗಣಿತದ ಪುಸ್ತಕ ತಿಂದಿದ್ದು ಯಾರಿಗಾರ ಹೇಳ್ಬೇಕಂತಿದ್ದೆ. ಯಾರೂ ಕೇಳ್ಲೇ ಇಲ್ಲ." ಮೊದಲ ಎರಡು ದಿನ ಮನೆಗೆ ಅವರಿವರು ಬರುತ್ತಾರೆ, ಮೂರನೆಯ ದಿನಕ್ಕೆ ಎಲ್ಲರೂ ತಮ್ಮ ಕೆಲಸಕ್ಕೆ ಹೋಗಿರುತ್ತಾರೆ, ಖಾಲಿ ಅನ್ನಿಸುವುದು ಆಗಲೇ ಎಂದರು. ನಾನು ನಕ್ಕು, ಆಡಿಗೆ ಗಣಿತ ಬಂತೇ ಎಂದು ಕೇಳಿ ಮಾತು ಮುಗಿಸಿದ್ದೆ. ಆ ಮಾತಿನ ತೂಕ ಗೊತ್ತಾದದ್ದು ನಮ್ಮ ಸಾವ್ಕಾರ ಹೋದಾಗ.

ಸಾವ್ಕಾರ ಎಂದರೆ ನಮ್ಮ ನಾಯಿ. ಹನ್ನೊಂದು ವರ್ಷದ ಹಿಂದೆ ಅಂಗಡಿ ಹಾಕಿದ ಮೊದಲ ವಾರದಲ್ಲೇ ಎಲ್ಲಿಂದಲೋ ಬಂದ ಕಂದು ಬಣ್ಣದ ಮರಿ, ಗಲ್ಲಾಪೆಟ್ಟಿಗೆಯ ಮುಂದಿನ ಸ್ಟೂಲ್ ಹತ್ತಿ ಕೂತಿತು. ಇಳಿಸಿದರೆ ಮತ್ತೆ ಹತ್ತಿತು. ಹಂಪಯ್ಯ ನೋಡಿ, "ಲೇ ಗಾದಿಲಿಂಗ, ಅಂಗಡಿ ಸಾವ್ಕಾರ ಬಂದಾನಲೇ. ಇನ್ನು ನೀನು ಆಳು" ಎಂದ. ಹೆಸರು ಅದೇ ಉಳಿಯಿತು. ಹನ್ನೊಂದು ವರ್ಷ ನಾನು ನಿಂತೇ ವ್ಯಾಪಾರ ಮಾಡಿದೆ, ಸ್ಟೂಲ್ ಅವನದು. ಮಕ್ಕಳಿಲ್ಲದ ನಮಗೆ ಬೈಯಲಿಕ್ಕೆ ಒಬ್ಬನಿದ್ದ. ಎರಡು ವರ್ಷದ ಹಿಂದೆ ಡಾಕ್ಟರಮ್ಮ ಅವನ ಹೊಟ್ಟೆ ಒತ್ತಿ ನೋಡಿ, ಇನ್ನು ಮುಂದೆ ಇವನಿಗೆ ಮಿರ್ಚಿ ಹಾಕಬೇಡಿ ಎಂದು ತಾಕೀತು ಮಾಡಿದ್ದರು.

ಯುಗಾದಿ ಹತ್ತಿರ ಬಂದಾಗ ಸಾವ್ಕಾರ ಬಡವಾಗತೊಡಗಿದ. ಒಂದೇ ಸಮನೆ ನೀರು ಕುಡಿಯುತ್ತಿದ್ದ, ಅನ್ನ ಮೂಸಿ ಬಿಡುತ್ತಿದ್ದ. ಡಾಕ್ಟರಮ್ಮ ರಕ್ತ ತೆಗೆದು ಹೊಸಪೇಟೆಯ ಲ್ಯಾಬಿಗೆ ಕಳಿಸಿ, ಕಿಡ್ನಿಯ ಮೇಲೆ ನನಗೆ ಅನುಮಾನ ಇದೆ, ರಿಪೋರ್ಟ್ ಬರಲಿ ಎಂದು ಒಂದು ಸೂಜಿ ಮಾಡಿದರು. ಸೂಜಿ ಮಾಡಿದರಲ್ಲ, ಇನ್ನು ಸರಿ ಹೋಗುತ್ತಾನೆ ಎಂದು ನನ್ನಷ್ಟಕ್ಕೆ ನಾನೇ ಅಂದುಕೊಂಡೆ.

ಶನಿವಾರ ಬೆಳಿಗ್ಗೆ. ಹಂಪಿಗೆ ಹೊರಟ ಎರಡು ಬಸ್ಸು ಅಂಗಡಿಯ ಮುಂದೆ ನಿಂತಿವೆ, ಐವತ್ತು ಜನ ಮಿರ್ಚಿ ಮಿರ್ಚಿ ಎನ್ನುತ್ತಿದ್ದಾರೆ. ಆಗ ಸಾವ್ಕಾರ ಸ್ಟೂಲಿನಿಂದ ಬಗ್ಗಿ, ಆಗ ತಾನೇ ಕಲಸಿಟ್ಟ ಕಡ್ಲೆಹಿಟ್ಟಿನ ಬೋಗುಣಿಯೊಳಗೆ ವಾಂತಿ ಮಾಡಿದ. ನನ್ನ ಕೈಯಲ್ಲಿ ಎಣ್ಣೆಯಿಂದ ಮಿರ್ಚಿ ಎತ್ತುವ ಜಾಲರಿ ಇತ್ತು. ಎಸೆದೆ. ಅದು ಅವನ ಸೊಂಟಕ್ಕೆ ತಗಲಿ ಕೆಳಗೆ ಬಿತ್ತು. ಅವನು ಕುಂಯ್ ಎನ್ನಲಿಲ್ಲ. ನನ್ನನ್ನು ಒಂದು ಸಲ ನೋಡಿ, ಸ್ಟೂಲಿನಿಂದ ನಿಧಾನ ಇಳಿದು, ಹಿಂದಿನ ಬಾಳೆ ಗಿಡದ ಕೆಳಗೆ ಹೋಗಿ ಮಲಗಿದ. ಮಧ್ಯಾಹ್ನ ನೋಡಿದರೆ ಏಳಲಾರ. ಎತ್ತಿಕೊಂಡು ಆಟೋದಲ್ಲಿ ಹಾಕಿ ಆಸ್ಪತ್ರೆಗೆ ಒಯ್ದೆ. ಮೂರು ಗಂಟೆಗೆ ಡಾಕ್ಟರಮ್ಮನ ಟೇಬಲ್ ಮೇಲೆ ಜೀವ ಬಿಟ್ಟ.

ಆಗ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಡಾಕ್ಟರಮ್ಮನ ಮೇಲೆ ಹರಿಹಾಯ್ದೆ. ನಿಮ್ಮ ಸೂಜಿಯೇ ಕೊಂದಿತು, ದನದ ಡಾಕ್ಟರಿಗೆ ನಾಯಿಯ ವಿಷಯ ಏನು ಗೊತ್ತು, ನಿಮ್ಮನ್ನು ಈ ಊರಿಗೆ ಹಾಕಿದವರು ಯಾರು ಎಂದು ಆಸ್ಪತ್ರೆಯ ಹೆಂಚು ಹಾರುವ ಹಾಗೆ ಕೂಗಿದೆ. ಅವರು ನಿಂತು ಕೇಳಿದರು. ನಾನು ಕೂಗಿ ಸಾಕಾದ ಮೇಲೆ ಒಂದು ಲೋಟ ನೀರು ಕೊಟ್ಟರು. ಆಮೇಲೆ ಹತ್ತಿಯನ್ನು ಬಿಸಿನೀರಲ್ಲಿ ಅದ್ದಿ ಸಾವ್ಕಾರನ ಬಾಯಿ, ಕಣ್ಣು, ಮೈ ಎಲ್ಲ ಒರೆಸಿದರು. ಕೂದಲು ಬಾಚಿದರು. ಜೀವ ಇದ್ದಾಗ ಅವನು ಯಾರಿಗೂ ಬಾಚಲು ಬಿಟ್ಟವನಲ್ಲ. ತಮ್ಮ ಮನೆಯಿಂದ ಒಗೆದ ಬೆಡ್‌ಶೀಟ್ ತರಿಸಿ ಸುತ್ತಿ, ನನ್ನ ಆಟೋದ ಹಿಂದೆ ಸ್ಕೂಟಿಯಲ್ಲಿ ಕಡ್ಡಿರಾಂಪುರದ ತನಕ ಬಂದರು. ಹಂಪಯ್ಯನ ತೋಟದ ಮೂಲೆಯಲ್ಲಿ ಸೊಂಟದ ಆಳ ಗುಂಡಿ ತೆಗೆಸಿ, ತಾವೇ ಬಗ್ಗಿ ಮಣ್ಣು ಸರಿ ಮಾಡಿದರು. ನಾನು ಬೈದದ್ದರ ಬಗ್ಗೆ ಒಂದು ಮಾತಿಲ್ಲ. ಜಾಲರಿಯ ವಿಷಯ ನಾನೂ ಬಾಯಿ ಬಿಡಲಿಲ್ಲ.

ಆದರೆ ಎರ್ರೆಮ್ಮ ನೋಡಿದ್ದಳು. ಮಣ್ಣು ಮಾಡಿ ಬಂದ ಸಂಜೆ ಒಂದೇ ಮಾತು ಹೇಳಿದಳು. "ಆ ಜಾಲರಿ ಬಿತ್ತು, ಅದಕ್ಕ ಹೋದ." ಅಲ್ಲಿಗೆ ನನ್ನ ಜೊತೆ ಮಾತು ಬಂದ್. ಆಮೇಲೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳತೊಡಗಿದಳು. "ಕಡ್ಲಿಹಿಟ್ಟು ಮುಗ್ದೈತಿ, ಕಿವಿ ಇದ್ದೋರು ಕೇಳ್ಲಿ" ಎಂದು ಗೋಡೆಗೆ ಹೇಳಿ ಒಳಗೆ ಹೋಗುವಳು. ನಾನೂ ಸುಮ್ಮನಿರುವವನಲ್ಲ, ಗೋಡೆಗೇ ಉತ್ತರ ಕೊಟ್ಟೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಗೋಡೆ ಅಷ್ಟು ಮಾತು ಯಾವತ್ತೂ ಕೇಳಿರಲಿಲ್ಲ. ಹೊರಗೆ ಹೀಗೆ ಜೋರು ಮಾಡುತ್ತಿದ್ದೆ, ಒಳಗೆ ಮಾತ್ರ ಒಂದೇ ಯೋಚನೆ ಕೊರೆಯುತ್ತಿತ್ತು. ನಾನೇ ಕೊಂದೆನೇ?

ಮೂರನೆಯ ದಿನ ಎರ್ರೆಮ್ಮ ಸಾವ್ಕಾರನಿಗೆ ಎಡೆ ಇಟ್ಟಳು. ನಮ್ಮಲ್ಲಿ ಮನುಷ್ಯರು ಸತ್ತರೆ ಮೂರನೆಯ ದಿನ, ಅವರಿಗೆ ಇಷ್ಟವಾದದ್ದನ್ನು ಮಣ್ಣು ಮಾಡಿದ ಜಾಗದಲ್ಲಿ ಎಲೆಯ ಮೇಲೆ ಬಡಿಸುತ್ತಾರೆ. ಕಾಗೆ ಮುಟ್ಟಿದರೆ ಸತ್ತವರಿಗೆ ಸಮಾಧಾನ. ಮುಟ್ಟದಿದ್ದರೆ ಏನೋ ಸಿಟ್ಟು ಇಟ್ಟುಕೊಂಡೇ ಹೋಗಿದ್ದಾರೆ ಎಂದು ಲೆಕ್ಕ. ನಾಯಿಗೆ ಯಾರೂ ಎಡೆ ಇಡುವುದಿಲ್ಲ. ಇವಳು ಇಟ್ಟಳು. ಮೊಸರನ್ನ, ಒಂದು ಮಟನ್ ಮೂಳೆ, ಎರಡು ಬಿಸ್ಕತ್ತು, ಡಬ್ಬಿ ಬಳಿದು ಅಡುಗೆಮನೆಯ ಒಲೆಯ ಮೇಲೆ ಕರಿದ ಒಂದು ಬಿಸಿ ಮಿರ್ಚಿ. ಕಾಗೆ ಮುಟ್ಟುವ ತನಕ ತಾನು ಒಂದು ತುತ್ತು ತಿನ್ನುವುದಿಲ್ಲ ಎಂದು ಬಾಳೆ ಗಿಡಕ್ಕೆ ಹೇಳಿ, ಬದುವಿನ ಮೇಲೆ ಕೂತಳು.

ನಾನು ಏಳು ಗಂಟೆಗೇ ಕಾವಲು ನಿಂತೆ. ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ಬಡಿಗೆ ಹಿಡಿದೆ. ಬಡಿಗೆ ಬೇಕೇ ಬೇಕು. ಹಂಪಿಯ ಕೋತಿಗಳು ಎಡೆ ಯಾರದು ಎಂದು ಕೇಳುವುದಿಲ್ಲ. ಮೇಲಾಗಿ ಸಾವ್ಕಾರನ ಗೆಳೆಯರು ಎಂದು ಊರ ನಾಯಿಗಳು ಐದಾರು ಬಂದು ನಾಲಿಗೆ ಚಾಚಿ ನಿಂತಿದ್ದವು. ಎಲ್ಲವನ್ನೂ ಓಡಿಸಿದೆ. ತೆಂಗಿನ ಮರದ ಮೇಲೆ ನಾಲ್ಕು ಕಾಗೆ ಕೂತಿದ್ದವು. ಮೊದಲು ಮರ್ಯಾದೆಯಿಂದ ಕರೆದೆ. ಎಂಟಕ್ಕೆ ಬೇಡಿಕೊಂಡೆ. ಒಂಬತ್ತಕ್ಕೆ ಬೈದೆ. ಹತ್ತಕ್ಕೆ ಕಾಗೆಗಳ ಅಪ್ಪ ಅಜ್ಜ ಎಲ್ಲರನ್ನೂ ಎತ್ತಿ ಆಡಿದೆ. ಹನ್ನೊಂದಕ್ಕೆ ನಾಲ್ಕೂ ಕಾಗೆ ಎದ್ದು ಕಾಲುವೆಯ ಆಚೆಯ ಮರಕ್ಕೆ ಹೋದವು.

ನೀರು ಕಟ್ಟಲು ಬಂದಿದ್ದ ಹಂಪಯ್ಯ ಸಲಿಕೆ ಊರಿ ನಿಂತು, "ನಿಮ್ಮಪ್ಪನ ಎಡಿಗೆ ಎರಡ ನಿಮಿಷಕ್ಕ ಬಂದಿತ್ತಲ್ಲೋ. ಈ ಸಾವ್ಕಾರಗ ನಿನ್ನ ಮ್ಯಾಲೆ ಭಾಳ ಸಿಟ್ಟು ಐತಿ ಬಿಡು" ಎಂದ. ತಮಾಷೆಗೆ ಅಂದದ್ದು. ಆದರೆ ಎರ್ರೆಮ್ಮ ಮೂರು ದಿನದಲ್ಲಿ ಮೊದಲ ಸಲ ಗೋಡೆ ಬಿಟ್ಟು ನನ್ನ ಮುಖ ನೋಡಿದಳು. ಅದಕ್ಕಿಂತ ಗೋಡೆಯೇ ಮೇಲಾಗಿತ್ತು.

ಆ ಹೊತ್ತಿಗೆ ನೀಲಿ ಸ್ಕೂಟಿ ಬಂತು.

ಡಾಕ್ಟರಮ್ಮ ಎಲೆ ನೋಡಿದರು, ನನ್ನನ್ನು ನೋಡಿದರು, ಬಡಿಗೆ ನೋಡಿದರು, ಕಾಲುವೆಯ ಆಚೆಯ ಕಾಗೆಗಳನ್ನೂ ನೋಡಿದರು. ನಾನು ಶನಿವಾರ ಬೈದವನು, ಯಾವ ಮುಖದಿಂದ ಬರ್ರಿ ಎನ್ನಲಿ? ಎರ್ರೆಮ್ಮ ಎದ್ದು ಬಂದು ಎಲ್ಲ ಹೇಳಿಬಿಟ್ಟಳು. ಜಾಲರಿ ಎಸೆದದ್ದು, ಅವನು ನೋಡಿದ್ದು, ಈಗ ಕಾಗೆ ಮುಟ್ಟದೆ ಇರುವುದು.

"ಎಸದ್ರೇನಣ್ಣ?"

"ಎಸದೆ."

"ತಪ್ಪು ಮಾಡಿದ್ರಿ" ಎಂದರು, ನೆಟ್ಟಗೆ ನನ್ನ ಮುಖಕ್ಕೇ. ಆಮೇಲೆ ಸ್ಕೂಟಿಯ ಡಿಕ್ಕಿಯಿಂದ ಮಡಚಿದ ಕಾಗದ ತೆಗೆದರು. ಲ್ಯಾಬಿನ ರಿಪೋರ್ಟ್ ಆವತ್ತು ಬೆಳಿಗ್ಗೆ ಬಂದಿತ್ತು. ಎರಡೂ ಕಿಡ್ನಿ ಹೋಗಿವೆ, ಹೋಗಿ ತಿಂಗಳುಗಳೇ ಆಗಿರಬೇಕು, ಆವತ್ತಿನ ವಾಂತಿಯೂ ಅದರಿಂದಲೇ, ನಾವು ಯಾರು ಏನು ಮಾಡಿದ್ದರೂ ಹೆಚ್ಚು ದಿನ ಇರುತ್ತಿರಲಿಲ್ಲ ಎಂದು ಬೆರಳಿಟ್ಟು ತೋರಿಸಿದರು. ನನಗೆ ಅದರ ಇಂಗ್ಲಿಷ್ ಓದಲು ಬಾರದು, ಅವರ ಮುಖ ಓದಲು ಬರುತ್ತದೆ. "ಮೈ ಒರಿಸೋ ಮುಂದ ಸೊಂಟ ಎಲ್ಲಾ ಮುಟ್ಟಿ ನೋಡೀನಿ. ಗಾಯ ಇದ್ದಿಲ್ಲ, ಬಾವು ಇದ್ದಿಲ್ಲ, ಎಲುಬು ಸರಿ ಇತ್ತು. ನಿಮ್ಮ ಸಿಟ್ಟಿಗೆ ನಾಯಿ ಸಾಯಂಗಿದ್ರ, ಅಣ್ಣ, ಕಡ್ಡಿರಾಂಪುರದಾಗ ಒಂದು ನಾಯಿನೂ ಉಳೀತಿದ್ದಿಲ್ಲ."

ಹಂಪಯ್ಯ ಸಲಿಕೆಯ ಮೇಲೆ ಬಾಗಿ ನಗತೊಡಗಿದ. ಎರ್ರೆಮ್ಮ ನಗಲಿಲ್ಲ. ಹಾಗಾದರೆ ಕಾಗೆ ಯಾಕೆ ಬರುತ್ತಿಲ್ಲ ಎಂದಳು.

"ನಾನು ಕಾಗಿ ನಂಬಂಗಿಲ್ಲಕ್ಕ. ಆದ್ರ ನೀವು ನಂಬ್ತೀರಿ, ಊಟ ಬಿಟ್ಟು ಕುಂತೀರಿ. ಹಂಗಾಗಿ ಕಾಗಿ ಬರ್ಬೇಕು." ನನ್ನ ಕಡೆ ತಿರುಗಿದರು. "ಗಾದಿಲಿಂಗಣ್ಣ, ಒಂದು ಮಾತು ಕೇಳ್ತೀನಿ. ನೀವ ಕಾಗಿ ಆಗಿದ್ರ ಇಲ್ಲಿಗೆ ಬರ್ತಿದ್ರೇನು?"

ನನ್ನನ್ನು ನಾನು ನೋಡಿಕೊಂಡೆ. ತಲೆಗೆ ಟವೆಲ್, ಕೈಯಲ್ಲಿ ಬಡಿಗೆ, ನಾಲ್ಕು ತಾಸು ಕೂಗಿ ಕೆಂಪಾದ ಕಣ್ಣು. ನಾನು ಕಾಗೆಯಾಗಿದ್ದರೆ ಕಂಪ್ಲಿಯ ತನಕ ಹಾರಿ ಹೋಗಿರುತ್ತಿದ್ದೆ.

ಡಾಕ್ಟರಮ್ಮ ನನ್ನ ಕೈಯಿಂದ ಬಡಿಗೆ ಇಸಿದುಕೊಂಡು ಹಂಪಯ್ಯನಿಗೆ ಕೊಟ್ಟು, ಕೋತಿಗಳನ್ನು ಆ ಕಡೆಯಲ್ಲೇ ತಡೆಯಲು ಹೇಳಿದರು. ನಮ್ಮಿಬ್ಬರನ್ನು ಎಲೆಯಿಂದ ಮೂವತ್ತು ಹೆಜ್ಜೆ ದೂರ, ಬಾಳೆಯ ನೆರಳಿಗೆ ಕರೆದೊಯ್ದು ಕೂರಿಸಿದರು. ತಾವು ನಡುವೆ ಕೂತರು. "ಈಗ ಹೇಳ್ರಿ. ಸಾವ್ಕಾರ ಏನೇನು ತಂಟಿ ಮಾಡ್ತಿದ್ದ? ಸಣ್ಣ ದನಿಯಾಗ ಹೇಳ್ಬೇಕು."

ನನಗೆ ಸಣ್ಣ ದನಿ ಎಂಬುದೇ ಇಲ್ಲ. ಕುದಿಯುವ ಎಣ್ಣೆಯ ಸದ್ದಿನ ಮೇಲೆ ಮಾತಾಡಿ ರೂಢಿ. ಆದರೂ ಪ್ರಯತ್ನ ಮಾಡಿದೆ. ಅವನು ಚಪ್ಪಲಿ ಕದಿಯುತ್ತಿದ್ದದ್ದು ಹೇಳಿದೆ. ಹಂಪಿ ನೋಡಲು ಬಂದವರು ಬೆಂಚಿನ ಕೆಳಗೆ ಚಪ್ಪಲಿ ಬಿಟ್ಟರೆ ಒಂದು ಮಾಯ, ಅದೂ ಎಡಗಾಲಿನದೇ. ಹದಿನಾಲ್ಕು ಎಡಗಾಲಿನ ಚಪ್ಪಲಿ ಇನ್ನೂ ನನ್ನ ಅಟ್ಟದ ಮೇಲಿವೆ, ಕಳೆದುಕೊಂಡವರು ಬಂದು ಒಯ್ಯಬಹುದು. ಸೀಟಿ ಊದದ ಬಸ್ ಕಂಡಕ್ಟರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ ಎಂದೆ. ಆಮೇಲೆ ಯಾರಿಗೂ ಹೇಳದಿದ್ದ ಒಂದನ್ನು ಹೇಳಿದೆ. ನಾನು ಗಿರಾಕಿಗೆ ಬೈಯಲು ಶುರು ಮಾಡಿದರೆ ಅವನು ಸ್ಟೂಲಿನಿಂದ ಇಳಿದು ಹೋಗಿ ಗಿರಾಕಿಯ ಪಕ್ಕದಲ್ಲಿ ನಿಂತು ನನ್ನನ್ನು ನೋಡುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನನ್ನ ಕಡೆ ನಿಂತವನಲ್ಲ.

ಎರ್ರೆಮ್ಮನ ಕಡೆಯಿಂದ ಫಕ್ಕನೆ ಸದ್ದು ಬಂತು. ನೋಡಿದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದಾಳೆ. ನಕ್ಕವಳು ಸೆರಗು ತೆಗೆಯದೆ, "ನಾನೂ ಒಂದು ಹೇಳ್ಬೇಕು ಮೇಡಮ್ರ" ಎಂದಳು. ಸ್ವಲ್ಪ ಹೊತ್ತು ಮಣ್ಣು ಕೆದಕಿದಳು.

"ನೀವು ಮಿರ್ಚಿ ಬ್ಯಾಡ ಅಂದಿದ್ರಿ. ನಾನು ದಿನಾ ಒಂದು ಹಾಕ್ತಿದ್ದೆ. ಇವರಿಗೂ ಗೊತ್ತಿಲ್ಲ. ಒಳಗಿನ ಮೆಣಸಿನಕಾಯಿ ತಗದು ಹಾಕ್ತಿದ್ದೆ ಖರೆ, ಆದ್ರ ಹಾಕ್ತಿದ್ದೆ. ಅವನ ಕಣ್ಣು ನೋಡಿದ್ರ ಕೈ ನಿಲ್ತಿದ್ದಿಲ್ಲ. ನನ್ನ ಮಿರ್ಚಿಗ ಹೋದನೇನ್ರಿ ಅವ?"

ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. ಹಾಕಬಾರದಿತ್ತು ಎಂದು ಅದನ್ನೂ ಹೇಳಿಯೇ ಹೇಳಿದರು. "ಆದ್ರ ದಿನಕ್ಕ ಒಂದು ಮಿರ್ಚಿಗೆ ಕಿಡ್ನಿ ಹೋಗಂಗಿಲ್ಲಕ್ಕ. ಅವಂದು ನಮ್ಮ ಲೆಕ್ಕದಾಗ ಎಪ್ಪತ್ತರ ವಯಸ್ಸು. ಮುದುಕ ಆಗಿದ್ದ, ಹೋದ. ನೀವಿಬ್ರೂ ಕೊಂದಿಲ್ಲ, ಸಾಕೀರಿ."

ನನಗೆ ಆಗ ಎಲ್ಲ ತಿಳಿಯಿತು. ಮೂರು ದಿನದಿಂದ ಇವಳು ತನ್ನ ಮಿರ್ಚಿಯನ್ನು ನನ್ನ ಜಾಲರಿಯ ಕೆಳಗೆ ಮುಚ್ಚಿಟ್ಟುಕೊಂಡು ಕೂತಿದ್ದಾಳೆ, ನಾನು ಗೋಡೆಯ ಜೊತೆ ಬಡಿದಾಡಿದ್ದೇನೆ. ಬೇರೆ ದಿನ ಆಗಿದ್ದರೆ ನನ್ನ ಕೂಗು ಹೊಸಪೇಟೆಗೆ ಕೇಳುತ್ತಿತ್ತು. ಬಾಯಿ ತೆಗೆದೂ ಆಗಿತ್ತು. ಡಾಕ್ಟರಮ್ಮ ನನ್ನ ಮಣಿಕಟ್ಟು ಅದುಮಿ ಎಲೆಯ ಕಡೆ ಕಣ್ಣು ಮಾಡಿದರು.

ಕಾಗೆ ಬಂದಿತ್ತು.

ಒಂದೇ ಒಂದು. ಅಡ್ಡಡ್ಡ ಹೆಜ್ಜೆ ಹಾಕುತ್ತಾ ಎಲೆಯ ಸುತ್ತ ಒಂದು ಸಲ ಬಂತು. ಮೂಳೆ ನೋಡಿತು, ಬಿಟ್ಟಿತು. ಬಿಸ್ಕತ್ತಿನ ಮೇಲೆ ಕಾಲಿಟ್ಟು ದಾಟಿತು. ಹಂಪಯ್ಯ ಬಡಿಗೆ ಎತ್ತಿದವನು ಹಾಗೇ ಕಲ್ಲಿನ ವಿಗ್ರಹದಂತೆ ನಿಂತ. ನಾನು ತೆರೆದ ಬಾಯಿ ತೆರೆದೇ ಇಟ್ಟುಕೊಂಡು, ಹುಟ್ಟಿದ ಮೇಲೆ ಮೊದಲ ಸಲ, ಬಂದ ಮಾತನ್ನು ನುಂಗಿದೆ. ಕಾಗೆ ಮಿರ್ಚಿಗೆ ಕೊಕ್ಕು ಹಾಕಿತು. ಇಡೀ ಮಿರ್ಚಿ ಕಚ್ಚಿಕೊಂಡು ಕಾಲುವೆಯ ಆಚೆ ಹಾರಿತು.

ಆಮೇಲೆ ಡಾಕ್ಟರಮ್ಮ ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು ಎದ್ದರು.

"ನೋಡ್ರಿ ನಿಮ್ಮ ಸಾವ್ಕಾರನ್ನ. ನಾ ಯಾವುದು ಬ್ಯಾಡ ಅಂದಿದ್ದೆ, ಅದ ಬೇಕಾತು ಅವಗ."

ಕಾಗೆ ನಂಬದವರು ಹೇಳಿದ ಮಾತು ಇದು. ಎರ್ರೆಮ್ಮ ಕೈ ಮುಗಿದಳು, ಕಾಗೆಗೋ ಡಾಕ್ಟರಮ್ಮನಿಗೋ ನಾನು ಕೇಳಲಿಲ್ಲ. ಶನಿವಾರದ ಮಾತಿಗೆ ನಾನು ಕ್ಷಮೆ ಕೇಳಬೇಕೆಂದು, ಮೇಡಮ್ರ ಆವತ್ತು ನಾನು ಎಂದು ಶುರು ಮಾಡಿದೆ. ಅವರು ಸ್ಕೂಟಿಯ ಕಡೆ ಹೋಗುತ್ತಾ, ಇನ್ನೂ ಕೇಳಿಸಿಕೊಳ್ಳುವುದಿದೆ ಎಂದರೆ ಹೊಟ್ಟೆಗೆ ಏನಾದರೂ ಬೇಕು, ನಾಲ್ಕು ಮಿರ್ಚಿ ಕರಿಯಿರಿ ಎಂದರು.

ಮೂರು ದಿನದಿಂದ ಆರಿದ್ದ ಅಂಗಡಿಯ ಒಲೆ ಹೊತ್ತಿಸಿದೆ. ಎರ್ರೆಮ್ಮ ಬಾಗಿಲಲ್ಲಿ ಕೂತು, ಪಾತ್ರೆಯಲ್ಲಿ ಉಳಿದಿದ್ದ ಮೊಸರನ್ನವನ್ನು ಎರಡು ತಟ್ಟೆ ಉಂಡಳು. ಸ್ಟೂಲ್ ಖಾಲಿ ಇತ್ತು. ಡಾಕ್ಟರಮ್ಮ ಬೆಂಚಿನ ಮೇಲೆ ಕೂತರು, ಹಂಪಯ್ಯ ನಿಂತೇ ಇದ್ದ. ಎಣ್ಣೆ ಕಾಯುತ್ತಿತ್ತು. ಎರ್ರೆಮ್ಮ ಕೈ ತೊಳೆದುಕೊಂಡು ಬಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಗೋಡೆ ಅವಳ ಎದುರಿಗೇ ಇತ್ತು. ಅದನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಕಡ್ಲಿಹಿಟ್ಟು ಮುಗ್ದೈತಿ" ಎಂದಳು.

ನಾನು ಚಪ್ಪಲಿ ಮೆಟ್ಟಿಕೊಂಡು ಹಿಟ್ಟು ತರಲು ಓಡಿದೆ.